ಜೂನ್ 5ಕ್ಕೆ ನೆಟ್ಟ ಗಿಡ, ಆರಿದ್ರಾ ಮಳೆಗೆ ನೆಟ್ಟ ಗಿಡ

ನಮ್ಮ ಮನೆ ಚಿಕ್ಕಬಾಣಾವರದಲ್ಲಿ. ಆಫೀಸಿನಲ್ಲಿ ಹಾಗಂದ ತಕ್ಷಣ "ಅದು ಅರಸೀಕೆರೆ ಹತ್ರ ಅಲ್ವಾ?" ಅಂತ ಕೇಳೋರು ಈಗಲೂ ಸಿಗ್ತಾರೆ. ಅದು ಬಾಣಾವರ. ನಮ್ಮದು ಚಿಕ್ಕದು, ಹೆಸರಘಟ್ಟ ರಸ್ತೆಯದ್ದು. ಯಶವಂತಪುರದಿಂದ ತುಮಕೂರಿಗೆ ಹೋಗುವ ಹಳಿಯಿಂದ ಹಾಸನದ ಹಳಿ ಕವಲೊಡೆಯುವುದು ನಮ್ಮ ಸ್ಟೇಷನ್ನಿನಲ್ಲೇ. ಉಪನಗರ ರೈಲಿನ 'ಮಲ್ಲಿಗೆ' ಮಾರ್ಗ ಬೈಯಪ್ಪನಹಳ್ಳಿಯಿಂದ ಹೊರಟು 25 ಕಿಲೋಮೀಟರ್ ಬಂದು ಕೊನೆಗೊಳ್ಳಬೇಕಾಗಿರುವುದೂ ಇಲ್ಲೇ. ಅದು ಬರುವವರೆಗೆ ಎಂಟನೇ ಮೈಲಿಯ ಸಿಗ್ನಲ್ಲೇ ನಮ್ಮ ಪಾಲಿಗೆ ಗತಿ.

ಅಪ್ಪ ಜಾಲಹಳ್ಳಿ ಕಡೆಯ ಕಾರ್ಖಾನೆಯಲ್ಲಿ 32 ವರ್ಷ ದುಡಿದು, ನಿವೃತ್ತಿಗೆ ಮೊದಲೇ ಇಲ್ಲೊಂದು 30-40 ಸೈಟು ಮಾಡಿಕೊಂಡಿದ್ದರು. ಆಗ ಸುತ್ತ ರಾಗಿ ಹೊಲ. ಮನೆ ಕಟ್ಟುವ ಹೊತ್ತಿಗೆ ಹೊಲ ಹೋಗಿ ಲೇಔಟಿನ ಕಲ್ಲು ನಿಂತಿದ್ದವು. ಅಪ್ಪನದ್ದು ತುರುವೇಕೆರೆ ಕಡೆಯ ಹಳ್ಳಿ. ಅಲ್ಲಿ ಅವರ ಸ್ಕೂಲಿನ ಹಿಂದೆ ಒಂದು ನೇರಳೆ ಮರ ಇತ್ತಂತೆ. ನಾಲಿಗೆ ನೇರಳೆ ಬಣ್ಣ ಆಗಿದ್ದನ್ನು ನೋಡಿ ಮೇಷ್ಟ್ರು ಹೊಡೆಯುತ್ತಿದ್ದ ಕಥೆಯನ್ನು ನಾನು ನೂರು ಸಲವಾದರೂ ಕೇಳಿರಬೇಕು. "ಮನೆ ಮುಂದೆ ಒಂದು ನೇರಳೆ ಹಾಕ್ಬೇಕು" ಅನ್ನುತ್ತಲೇ ಇದ್ದರು. ಹಾಕಲಿಲ್ಲ. 2023ರ ಜನವರಿಯಲ್ಲಿ ಹೋಗಿಬಿಟ್ಟರು.

ಮರುವರ್ಷ ತಿಥಿ ಮುಗಿದ ಮೇಲೆ, ಗಣರಾಜ್ಯೋತ್ಸವದ ರಜೆಯಲ್ಲಿ ಅಮ್ಮನನ್ನು ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದೆ. ವಾಪಸ್ ಬರುವಾಗ ದಾರಿಯ ನರ್ಸರಿಯೊಂದರಲ್ಲಿ ನಾಲ್ಕಡಿ ಎತ್ತರದ ನೇರಳೆ ಗಿಡ ಕಂಡಿತು. 450 ರೂಪಾಯಿ. ಆಟೊದವರು ಗಿಡಕ್ಕೂ ಒಂದು ಸೀಟಿನ ಲೆಕ್ಕ ಹಾಕಿ 50 ರೂಪಾಯಿ ಹೆಚ್ಚಿಗೆ ತಗೊಂಡರು. ಕೊಡುವಾಗ ನನಗೆ ಸ್ವಲ್ಪವೂ ಬೇಜಾರಾಗಲಿಲ್ಲ.

ಆ ರಾತ್ರಿ ಯೂಟ್ಯೂಬಿನಲ್ಲಿ ಗಿಡ ನೆಡುವುದು ಹೇಗೆ ಅಂತ ಹುಡುಕಿದೆ. ಒಬ್ಬ ಗಡ್ಡದ ಯಜಮಾನರು ಇಂಗ್ಲಿಷಿನಲ್ಲಿ ಬಹಳ ಚೆನ್ನಾಗಿ ಹೇಳುತ್ತಿದ್ದರು: ಮರ ನೆಡಲು ಚಳಿಗಾಲವೇ ಶ್ರೇಷ್ಠ, ಗಿಡ ಆಗ ನಿದ್ದೆಯಲ್ಲಿರುತ್ತದೆ, ಬೇರಿಗೆ ಪೆಟ್ಟಾಗುವುದಿಲ್ಲ. ಸರಿ, ಜನವರಿ ಅಂದ್ರೆ ಚಳಿಗಾಲವೇ ತಾನೇ ಅಂದುಕೊಂಡು ಮರುದಿನವೇ ಗೇಟಿನ ಪಕ್ಕ ಒಂದಡಿ ಗುಂಡಿ ತೋಡಿ ನೆಟ್ಟೆವು. ಅಮ್ಮ ಅರಿಶಿನ ಕುಂಕುಮ ಇಟ್ಟು ನೀರು ಹಾಕಿದರು.

ಆ ಯಜಮಾನರು ಸುಳ್ಳು ಹೇಳಿರಲಿಲ್ಲ. ಅವರ ದೇಶದಲ್ಲಿ ಚಳಿಗಾಲದಲ್ಲಿ ಎಲೆ ಉದುರುತ್ತದೆ, ನೆಲ ಒದ್ದೆಯಿರುತ್ತದೆ, ಆಮೇಲೆ ತಂಪಾದ ವಸಂತ ಬರುತ್ತದೆ. ನಮ್ಮಲ್ಲಿ ಜನವರಿ ಆದಮೇಲೆ ಬರುವುದು ಬೇಸಿಗೆ. ಬೆಂಗಳೂರಿನಲ್ಲಿ ಜನವರಿಯಿಂದ ಮಾರ್ಚ್ ಕೊನೆಯವರೆಗಿನ ಮಳೆಯೆಲ್ಲ ಸೇರಿಸಿದರೂ, ಸರಾಸರಿಯಲ್ಲಿ ಸೆಪ್ಟೆಂಬರಿನ ಒಂದು ಒಳ್ಳೆಯ ಸಂಜೆ ಸುರಿಯುವಷ್ಟು ಆಗುವುದಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಶುಕ್ರವಾರ ಸಂಜೆ ಕೋಡ್ ಡಿಪ್ಲಾಯ್ ಮಾಡಿ ಲ್ಯಾಪ್‌ಟಾಪ್ ಮುಚ್ಚಿ ಊರಿಗೆ ಹೋದ ಹಾಗೆ.

ಅದರ ಮೇಲೆ ಆ ವರ್ಷವೇ ಅಂಥದ್ದು. 2023ರ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಗಿದ್ದವು. 2024ರ ಮಾರ್ಚ್ ಹೊತ್ತಿಗೆ ಬೆಂಗಳೂರಿನ ಬೋರ್‌ವೆಲ್‌ಗಳು ಒಂದೊಂದೇ ಬತ್ತಿದವು. ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿದ್ದು ಆಗಲೇ. ನಮ್ಮ ಬೀದಿಗೆ ಬರುತ್ತಿದ್ದದ್ದು ಟ್ಯಾಂಕರ್ ನೀರು. ಅದಕ್ಕೂ ಹಿಂದಿನ ದಿನ ಫೋನ್ ಮಾಡಿ ಗೋಗರೆಯಬೇಕು. ಅಮ್ಮ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಲ್ಲ ಒಂದು ಬಕೆಟ್ಟಿಗೆ ಕೂಡಿಟ್ಟು ಗಿಡಕ್ಕೆ ಹಾಕುತ್ತಿದ್ದರು. ಏಪ್ರಿಲ್ ತಿಂಗಳಿಡೀ ನಗರದ ಹವಾಮಾನ ಕೇಂದ್ರದಲ್ಲಿ ಅಳೆಯುವಷ್ಟು ಮಳೆಯೇ ಆಗಲಿಲ್ಲ.

ಗಿಡ ತುದಿಯಿಂದ ಒಣಗುತ್ತಾ ಕೆಳಗಿಳಿಯಿತು. ಅಮ್ಮ ದಿನಾ ಬೆಳಿಗ್ಗೆ ಉದುರಿದ ಎಲೆ ಗುಡಿಸಿ, ಎಸೆಯದೆ, ಅದರ ಬುಡಕ್ಕೇ ಹಾಕುತ್ತಿದ್ದರು. ಏನೂ ಮಾತಾಡುತ್ತಿರಲಿಲ್ಲ. ಮೇ ಮೊದಲ ವಾರ ನಾನು ಕಾಂಡವನ್ನು ಉಗುರಿನಿಂದ ಕೆರೆದು ನೋಡಿದೆ. ಒಳಗೆ ಹಸಿರಿರಲಿಲ್ಲ, ಕಂದು. ಆಗ ಅಮ್ಮ ಒಂದೇ ಮಾತು ಹೇಳಿದ್ದು: "ಎರಡನೇ ಸಲ ಕಳಿಸಿಕೊಟ್ಟ ಹಾಗಾಯ್ತು ಕಣೇ."

ಆಮೇಲೆ ಬಹಳ ದಿನ ಗೇಟಿನ ಆ ಮೂಲೆ ನೋಡದೆ ಓಡಾಡಿದೆ.

ಅದೇ ಜೂನ್ 2ರ ಭಾನುವಾರ ಬೆಂಗಳೂರಿಗೆ 111 ಮಿಲಿಮೀಟರ್ ಮಳೆ ಬಿತ್ತು. ಜೂನ್ ತಿಂಗಳ ಒಂದೇ ದಿನದ ಲೆಕ್ಕದಲ್ಲಿ ನೂರಕ್ಕೂ ಹೆಚ್ಚು ವರ್ಷದ ದಾಖಲೆ ಮುರಿದ ಮಳೆ. ಮೂರು ದಿನ ಬಿಟ್ಟು ಪರಿಸರ ದಿನ. ನಮ್ಮ ಕಂಪನಿಯವರು ಹೆಸರಘಟ್ಟ ರಸ್ತೆಯ ಒಳಗಿನ ಒಂದು ಕೆರೆಯ ಅಂಚಿನಲ್ಲಿ ಗಿಡ ನೆಡುವ ಕಾರ್ಯಕ್ರಮ ಇಟ್ಟುಕೊಂಡಿದ್ದರು. "ನಿಮ್ಮ ಏರಿಯಾ ಅಲ್ವಾ, ನೀವೇ ಲೀಡ್ ಮಾಡಿ" ಅಂದರು. ಎರಡು ಬಸ್, ಹಸಿರು ಟೀ ಶರ್ಟ್, ಪ್ಯಾಕ್ ಮಾಡಿದ ಬಿಸಿಬೇಳೆಬಾತ್. 60 ಸಸಿ. ಅದರಲ್ಲಿ 20 ಹೊಂಗೆ, ಉಳಿದದ್ದು ಮಹಾಗನಿ ಮತ್ತು ಗುಲಾಬಿ ಹೂವಿನ ಟಬೂಬಿಯಾ. ಇವೆರಡೂ ನಮ್ಮ ನೆಲದವಲ್ಲ, ದೂರದ ಅಮೆರಿಕ ಖಂಡಗಳಿಂದ ಬಂದವು. ಗುಂಡಿ ಆ ದಿನ ಬೆಳಿಗ್ಗೆಯೇ ತೋಡಿಸಿದ್ದು. 40 ನಿಮಿಷದಲ್ಲಿ ಮುಗಿಸಿ ಫೋಟೊಗೆ ನಿಂತೆವು. ಅರ್ಧ ಜನ ಪ್ಲಾಸ್ಟಿಕ್ ಕವರ್ ಬಿಚ್ಚದೆಯೇ ಗಿಡ ಇಟ್ಟಿದ್ದರು ಅಂತ ಗೊತ್ತಾಗಿದ್ದು ಎರಡು ತಿಂಗಳಾದ ಮೇಲೆ.

ಜೂನ್ ಕೊನೆಯಲ್ಲಿ ನಮ್ಮ ಕಡೆ ಗಾಳಿ ಹೊಡೆಯಿತೇ ಹೊರತು ಮಳೆ ಬರಲಿಲ್ಲ. ಮೋಡ ಇರುತ್ತೆ, ಮುಖಕ್ಕೆ ಹನಿ ಸಿಡಿದ ಹಾಗಾಗುತ್ತೆ, ನೆಲ ನೋಡಿದರೆ ಒಣ. ಆಗಸ್ಟ್ 15ರ ರಜೆಯಲ್ಲಿ ಒಬ್ಬಳೇ ಸ್ಕೂಟರಿನಲ್ಲಿ ಹೋಗಿ ಎಣಿಸಿದೆ. 11 ಉಳಿದಿದ್ದವು. ಅದರಲ್ಲಿ 9 ಹೊಂಗೆ. ಕೆಲವನ್ನು ಮೇಕೆ ತಿಂದಿತ್ತು, ಕೆಲವು ಗಾಳಿಗೆ ಮುರಿದಿದ್ದವು, ಕವರಿನಲ್ಲೇ ಇದ್ದವು ಕಿತ್ತರೆ ಕೈಗೇ ಬಂದವು. ಬೇರು ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿತ್ತು. ಕಂಪನಿಯ ವಾರ್ಷಿಕ ವರದಿಯಲ್ಲಿ ಮಾತ್ರ 60 ಅಂತಲೇ ಇದೆ.

ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತರಿಗೆ ದುಡ್ಡು ಕೊಡುವುದು ನೆಟ್ಟ ಗಿಡಕ್ಕಲ್ಲ, ಬದುಕಿದ ಗಿಡಕ್ಕೆ. ಮೂರು ವರ್ಷ, ಪ್ರತಿ ವರ್ಷ ಎಣಿಸಿ, ಗಿಡವೊಂದಕ್ಕೆ ಒಟ್ಟು 125 ರೂಪಾಯಿ. ನಮ್ಮ ಕಾರ್ಪೊರೇಟ್ ಕಾರ್ಯಕ್ರಮಗಳಿಗೂ ಈ ಲೆಕ್ಕ ಹಾಕಿದರೆ ಎಷ್ಟು ಟೀ ಶರ್ಟ್ ಉಳಿಯುತ್ತವೋ!

ಇದನ್ನೆಲ್ಲ ನಾನು ಹೇಳಿಕೊಂಡದ್ದು ನಮ್ಮ ಬೀದಿಯ ಕೊನೆಯಲ್ಲಿರುವ ಅಜ್ಜನ ಹತ್ತಿರ. ಲೇಔಟ್ ಆಗುವ ಮೊದಲು ಇಲ್ಲೆಲ್ಲ ರಾಗಿ ಬೆಳೆಯುತ್ತಿದ್ದವರು. ಈಗ ಎರಡು ಹಸು ಇಟ್ಟುಕೊಂಡು ಡೇರಿಗೆ ಹಾಲು ಹಾಕುತ್ತಾರೆ, ಊರಾಚೆ ಸ್ವಲ್ಪ ಹೊಲ ಇನ್ನೂ ಇದೆ. ಗೇಟಿನ ಪಕ್ಕದ ಒಣ ಕಡ್ಡಿ ಅವರೂ ನೋಡಿದ್ದರು.

"ಅಲ್ಲ ಕಣವ್ವ, ಮಾಗಿ ಚಳೀಲಿ ಯಾರಾದ್ರೂ ಗಿಡ ಮಡಗ್ತಾರಾ? ಭೂಮಿ ಬಾಯಾರ್ಕೊಂಡು ಕೂತಿರ್ತದೆ, ನೀನು ಹಾಕಿದ ಒಂದು ಚೊಂಬು ನೀರನ್ನ ಅದೇ ಕುಡ್ಕಂಬುಡ್ತದೆ. ಗಿಡಕ್ಕೆಲ್ಲಿ ಸಿಗ್ತದೆ?"

"ಜೂನ್ ಐದಕ್ಕೂ ನೆಟ್ವಲ್ಲ ಅಜ್ಜಾ, ಮಳೆ ಆಗಿತ್ತು."

"ಒಂದು ಮಳೆಗೆಲ್ಲ ಹದ ಬರಲ್ಲ."

ಹದ. ಆ ಮಾತಿನ ಮೇಲೆ ನಾನು ಆಮೇಲೆ ಬಹಳ ಯೋಚನೆ ಮಾಡಿದ್ದೇನೆ. ಪಾಕಕ್ಕೆ ಹದ, ದೋಸೆ ಹಿಟ್ಟಿಗೆ ಹದ ಅಂತ ಮನೆಯಲ್ಲಿ ದಿನಾ ಆಡುತ್ತೇವೆ. ನೆಲಕ್ಕೂ ಅದಿದೆ. ಅಜ್ಜ ಹಾರೆ ತಂದು ಮನೆ ಪಕ್ಕದ ಖಾಲಿ ಸೈಟಿನಲ್ಲಿ ಮೊಣಕೈ ಆಳ ಅಗೆದು ತೋರಿಸಿದರು. ಮೇಲೆ ನಾಲ್ಕು ಬೆರಳು ಹಸಿ, ಕೆಳಗೆ ಪುಡಿ ಮಣ್ಣು. ಅಷ್ಟು ಆಳದಿಂದ ತೆಗೆದ ಮಣ್ಣು ಮುಷ್ಟಿಯಲ್ಲಿ ಹಿಸುಕಿದರೆ ಉಂಡೆಯಾಗಬೇಕು, ಬೆರಳಲ್ಲಿ ಒತ್ತಿದರೆ ಬಿರಿಯಬೇಕು, ಕೈಗೆ ಅಂಟಬಾರದು. ಅದು ಹದ. ರಾಗಿ ಬಿತ್ತಲು ಹೊಲ ಹದ ಆಯ್ತು ಅಂದರೆ ಗಿಡಕ್ಕೂ ಆಯ್ತು ಅಂತ ಅವರ ಲೆಕ್ಕ.

ಅವರ ಕ್ಯಾಲೆಂಡರಿನಲ್ಲಿ ಜೂನ್, ಜುಲೈ ಇಲ್ಲ. ಮಳೆ ನಕ್ಷತ್ರಗಳಿವೆ. ಏಪ್ರಿಲ್ ಕೊನೆಯಿಂದ ಭರಣಿ, ಆಮೇಲೆ ಕೃತ್ತಿಕೆ, ಮೇ ಕೊನೆಗೆ ರೋಹಿಣಿ, ಜೂನ್ ಎರಡನೇ ವಾರದಿಂದ ಮೃಗಶಿರ, ಜೂನ್ 21-22ರಿಂದ ಆರಿದ್ರಾ. ಒಂದೊಂದಕ್ಕೆ ಸುಮಾರು ಎರಡು ವಾರ. ಭರಣಿ, ಕೃತ್ತಿಕೆ ಮಳೆಗೆ ಗುಂಡಿ ತೋಡಬೇಕು. ಆರಿದ್ರಾದಿಂದ ಪುಷ್ಯದವರೆಗೆ ಗಿಡ ನೆಡಬೇಕು. ತಪ್ಪಿದರೆ ಮಖೆ, ಹುಬ್ಬೆಯವರೆಗೂ ಪರವಾಗಿಲ್ಲ, ಅಂದರೆ ಸೆಪ್ಟೆಂಬರ್ ಮಧ್ಯ. "ಉತ್ತರೆ ದಾಟಿದ ಮ್ಯಾಲೆ ಸುಮ್ಕಿರು, ಮುಂದಿನ ವರ್ಷ ನೋಡ್ಕೊ" ಅಂದರು.

ಎಂಜಿನಿಯರ್ ಬುದ್ಧಿ, ಸುಮ್ಮನಿರಲಾಗಲಿಲ್ಲ. ಹವಾಮಾನ ಇಲಾಖೆಯ ಸರಾಸರಿ ಮಳೆ ಅಂಕಿಅಂಶ ತೆಗೆದು ಒಂದು ಗ್ರಾಫ್ ಹಾಕಿದೆ. ಬೆಂಗಳೂರಿಗೆ ಮೇ ತಿಂಗಳಲ್ಲಿ ಸುಮಾರು 130 ಮಿಲಿಮೀಟರ್ ಬೀಳುತ್ತದೆ. ಜೂನ್, ಜುಲೈನಲ್ಲಿ ಹೆಚ್ಚುಕಡಿಮೆ 110ರ ಆಸುಪಾಸು, ಅಂದರೆ ಮೇಗಿಂತ ಕಡಿಮೆ. ಆಗಸ್ಟಿನಲ್ಲಿ ಏರುತ್ತದೆ. ಸೆಪ್ಟೆಂಬರಿನಲ್ಲಿ 200 ದಾಟುತ್ತದೆ. ಅಕ್ಟೋಬರ್ ಅದಕ್ಕಿಂತ ಸ್ವಲ್ಪವೇ ಕಡಿಮೆ. ನವೆಂಬರಿಗೆ ದಿಢೀರನೆ ಇಳಿದು, ಡಿಸೆಂಬರಿನಲ್ಲಿ ನೆಲ ಹಿಡಿಯುತ್ತದೆ.

ಕಾರಣ ಸ್ಕೂಲಲ್ಲೇ ಓದಿದ್ದೆವು, ಆದರೆ ಯಾವತ್ತೂ ಮನೆ ಅಂಗಳಕ್ಕೆ ತಂದು ನೋಡಿರಲಿಲ್ಲ. ಮುಂಗಾರಿನ ಮೋಡ ಪಶ್ಚಿಮ ಘಟ್ಟದಲ್ಲೇ ಭಾರ ಇಳಿಸಿಕೊಂಡು, ಹಾಸನ, ತುಮಕೂರು ದಾಟಿ ನಮ್ಮಲ್ಲಿಗೆ ಬರುವಾಗ ಹಗುರಾಗಿರುತ್ತದೆ. ಜೂನ್-ಜುಲೈನ ಗಾಳಿ, ತುಂತುರು ಅದೇ. ಆಗಸ್ಟ್ ನಂತರ ಸಂಜೆ ಗುಡುಗಿನ ಮಳೆ, ಅಕ್ಟೋಬರಿನಲ್ಲಿ ಹಿಂಗಾರು. ಹಾಗಾಗಿ ಬೆಂಗಳೂರಿನ ಗಿಡಕ್ಕೆ ಸಿಗುವ ನಿಜವಾದ ಲಾಭ ಅಂದರೆ, ಜೂನ್ ಕೊನೆಗೆ ನೆಟ್ಟರೆ ಮೊದಲ ಒಂದೂವರೆ ತಿಂಗಳು ತಂಪು, ಮೋಡ, ಸ್ವಲ್ಪ ನೀರು. ಬೇರು ಗುಂಡಿಯ ಗೋಡೆ ಮುಟ್ಟುವ ಹೊತ್ತಿಗೆ ಸರಿಯಾಗಿ ದೊಡ್ಡ ಮಳೆ. ಆ ಮಳೆ ನೆಲದ ಆಳಕ್ಕಿಳಿದಾಗ ಬೇರೂ ಅದರ ಹಿಂದೆ ಇಳಿಯುತ್ತದೆ. ಫೆಬ್ರುವರಿ ಬರುವಷ್ಟರಲ್ಲಿ ಗಿಡಕ್ಕೆ ಏಳು ತಿಂಗಳ ಬೇರು ಸಿಕ್ಕಿರುತ್ತದೆ. ನನ್ನ ಜನವರಿ ಗಿಡಕ್ಕೆ ಸಿಕ್ಕಿದ್ದು ಏಳು ದಿನವೂ ಅಲ್ಲ.

ಸರ್ಕಾರದ ವನಮಹೋತ್ಸವ 1950ರಲ್ಲಿ ಕೆ.ಎಂ. ಮುನ್ಶಿ ಶುರುಮಾಡಿದಾಗಿನಿಂದ ಜುಲೈ ಮೊದಲ ವಾರಕ್ಕೇ ಇರುವುದು. ಅದು ಆರಿದ್ರಾದ ಕೊನೆ, ಪುನರ್ವಸುವಿನ ಬಾಗಿಲು. ಜೂನ್ 5 ಬಂದದ್ದು ವಿಶ್ವಸಂಸ್ಥೆಯಿಂದ, ಅದಕ್ಕೂ ನಮ್ಮ ಮಳೆಗೂ ಸಂಬಂಧವಿಲ್ಲ.

ಒಂದು ಎಚ್ಚರಿಕೆ. ಇದು ಬೆಂಗಳೂರು, ಕೋಲಾರ, ತುಮಕೂರಿನ ಈ ಬಯಲು ಸೀಮೆಯ ಲೆಕ್ಕ. ನೀವು ಶಿವಮೊಗ್ಗ, ಮಂಗಳೂರು ಕಡೆಯವರಾದರೆ ನಿಮ್ಮಲ್ಲಿ ಜೂನಿನಲ್ಲೇ ಮಳೆ ಹಿಡಿದುಕೊಳ್ಳುತ್ತೆ. ಶುರುವಿನಲ್ಲೇ ನೆಟ್ಟು, ಬುಡದಲ್ಲಿ ನೀರು ನಿಲ್ಲದ ಹಾಗೆ ಮಣ್ಣು ಏರಿಸಬೇಕು. ನಿಮ್ಮ ಊರಿನ ಅಜ್ಜನನ್ನು ಕೇಳಿ.

ಮತ್ತೆ ನೇರಳೆಗೆ ಬರೋಣ. 2024ರ ಜುಲೈ, ಎಂಟನೇ ಮೈಲಿಯ ತಳ್ಳುಗಾಡಿಯಲ್ಲಿ ಅಮ್ಮ ಕಾಲು ಕೆಜಿ ನೇರಳೆ ಹಣ್ಣು ತಂದಿದ್ದರು. ತಿಂದು ಬೀಜ ತಟ್ಟೆಯಲ್ಲಿಟ್ಟಿದ್ದೆವು. ಹಾಲು ಕೊಡಲು ಬಂದ ಅಜ್ಜ ಅದನ್ನು ನೋಡಿ "ಇದ್ಯಾಕೆ ಬಿಸಾಕ್ತೀಯಾ? ಇವತ್ತೇ ಹೂಳು, ಒಣಗಿಸಬ್ಯಾಡ" ಅಂದರು. ನಂದಿನಿ ಹಾಲಿನ ಕವರು ಮನೆಯಲ್ಲಿ ಬೇಕಾದಷ್ಟಿದ್ದವು. ಕೆಳಗೆ ಎರಡು ತೂತು ಮಾಡಿ, ಮಣ್ಣು, ಮರಳು, ತಿಪ್ಪೆಗೊಬ್ಬರ ಕಲಸಿ ತುಂಬಿ ಹತ್ತು ಬೀಜ ಹಾಕಿದೆ. ಎರಡು ವಾರಕ್ಕೆ ಏಳು ಮೊಳೆತವು. ಅದರಲ್ಲೂ ಕೆಲವು ಬೀಜದಲ್ಲಿ ಎರಡೆರಡು ಮೊಳಕೆ. ನೇರಳೆಗೆ ಅದು ಸಹಜವಂತೆ. ನಾನು ಅಪ್ಪನಿಗೆ ಹೇಳಬೇಕು ಅಂದುಕೊಂಡು ಒಳಗೆ ಓಡಿ, ಬಾಗಿಲಲ್ಲೇ ನಿಂತೆ.

ಆಮೇಲೆ ಓದಿ ತಿಳಿದುಕೊಂಡದ್ದು: ನೇರಳೆ, ಬೇವು, ಹಿಪ್ಪೆ ಇವುಗಳ ಬೀಜ ಕೂಡಿಟ್ಟರೆ ಸಾಯುತ್ತದೆ. ಕೆಲವೇ ವಾರಗಳ ಆಯಸ್ಸು. ಅದಕ್ಕೇ ಇವು ಹಣ್ಣು ಉದುರಿಸುವುದೇ ಮಳೆ ಶುರುವಾಗುವ ಹೊತ್ತಿಗೆ, ನೆಲಕ್ಕೆ ಬಿದ್ದ ಬೀಜ ಕಾಯಬೇಕಾಗಿಲ್ಲ. ಕಕ್ಕೆ, ತಂಗಡಿಯಂಥವು ಬೇರೆ ಜಾತಿ. ಅವುಗಳ ಬೀಜಕ್ಕೆ ಗಟ್ಟಿ ಸಿಪ್ಪೆ, ತಿಂಗಳುಗಟ್ಟಲೆ ಕಾಯಬಲ್ಲವು. ಬಿತ್ತುವಾಗ ಬಿಸಿ ನೀರಲ್ಲಿ ನೆನೆಸಿಯೋ ಕಲ್ಲಿಗೆ ಉಜ್ಜಿಯೋ ಎಬ್ಬಿಸಬೇಕು. ಯಾವಾಗ ನೆಡಬೇಕು ಅಂತ ನಾನು ಇಂಟರ್‌ನೆಟ್ಟಿನಲ್ಲಿ ಕೇಳುತ್ತಿದ್ದೆ. ನಮ್ಮ ನೆಲದ ಮರಗಳನ್ನು ವರ್ಷವಿಡೀ ಗಮನಿಸಿದ್ದರೆ ಅರ್ಧ ಉತ್ತರ ಅಲ್ಲೇ ಸಿಗುತ್ತಿತ್ತು.

ಏಳರಲ್ಲಿ ಮೂರು ಸಸಿ ಒಂದು ವರ್ಷ ಬಾಲ್ಕನಿಯಲ್ಲಿ ಉಳಿದವು. ಹಾಲಿನ ಕವರಿನಿಂದ ದೊಡ್ಡ ಕವರಿಗೆ ಬದಲಾಯಿಸಿದೆ. ನೇರಳೆ ಅವಸರದ ಗಿಡ ಅಲ್ಲ. ವರ್ಷಕ್ಕೆ ಒಂದಡಿ ಚಿಲ್ಲರೆ. ಆದರೆ ನಾಲ್ಕಡಿಯ ಗಿಡಕ್ಕಿಂತ ಒಂದೂವರೆ ಅಡಿಯ ಗಿಡ ಬೇಗ ಹೊಂದಿಕೊಳ್ಳುತ್ತದೆ ಅನ್ನುವುದು ಈಗ ನನ್ನ ನಂಬಿಕೆ. ದೊಡ್ಡ ಗಿಡಕ್ಕೆ ಮೇಲೆ ಎಲೆ ಜಾಸ್ತಿ, ಕೆಳಗೆ ಕವರಿನಷ್ಟೇ ಬೇರು.

2025ರ ಮೇ ನಿಮಗೂ ನೆನಪಿರಬೇಕು. ಬೆಂಗಳೂರಿನಲ್ಲಿ ಆ ತಿಂಗಳು 300 ಮಿಲಿಮೀಟರ್ ದಾಟಿ ದಾಖಲೆಯಾಯಿತು. ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ಅಮ್ಮ "ಈಗಲೇ ನೆಟ್ಟುಬಿಡೋಣ" ಅಂದರು. ನಾನು ಮಾತ್ರ ಸುಟ್ಟ ಕೈಯವಳು, ಅಜ್ಜನ ಮಾತಿಗೆ ಕಟ್ಟುಬಿದ್ದೆ. ನಿಜ ಹೇಳಬೇಕೆಂದರೆ ಆ ವರ್ಷ ಮೇನಲ್ಲಿ ನೆಟ್ಟಿದ್ದರೂ ಬಹುಶಃ ಬದುಕುತ್ತಿತ್ತು. ಆದರೆ ಗುಂಡಿಯೇ ರೆಡಿ ಇರಲಿಲ್ಲ, ಜಾಗವೂ ತೀರ್ಮಾನವಾಗಿರಲಿಲ್ಲ.

ಜಾಗದ ವಿಷಯದಲ್ಲಿ ನನಗೂ ಅಮ್ಮನಿಗೂ ಜಗಳವೇ ಆಯಿತು. ಗೇಟಿನ ಪಕ್ಕವೇ ಬೇಕು ಅಂತ ಅವರು. ಮೇಲೆ ಕರೆಂಟ್ ವೈರು, ಕೆಳಗೆ ಚರಂಡಿ, ಎದುರು ಮನೆಯವರ ಬಿಳಿ ಕಾರು. ನೇರಳೆ 60-70 ಅಡಿ ಹೋಗುವ ಮರ. ಹತ್ತು ವರ್ಷಕ್ಕೆ ಬೆಸ್ಕಾಂನವರು ನೆತ್ತಿ ಕತ್ತರಿಸುತ್ತಾರೆ, ಹಣ್ಣು ಬಿಟ್ಟ ವರ್ಷ ಎದುರು ಮನೆಯವರು ಬುಡಕ್ಕೇ ಬರುತ್ತಾರೆ. ಕೊನೆಗೆ ಲೇಔಟ್ ಸಂಘದವರನ್ನು ಕೇಳಿ ಪಾರ್ಕಿನ ಈಶಾನ್ಯ ಮೂಲೆ ಪಡೆದುಕೊಂಡೆವು. ನಮ್ಮ ಟೆರೇಸಿನಿಂದ ಕಾಣುತ್ತದೆ ಅಂತ ತೋರಿಸಿದ ಮೇಲೆ ಅಮ್ಮ ಒಪ್ಪಿದರು.

ಗುಂಡಿ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ಲೇಔಟಿನ ನೆಲ ಅಂದರೆ ಗೊತ್ತಲ್ಲ, ಮೊದಲ ಒಂದಡಿ ಬರೀ ಇಟ್ಟಿಗೆ ಚೂರು, ಸಿಮೆಂಟ್ ಹೆಕ್ಕಳೆ, ಒಂದು ಚಪ್ಪಲಿಯೂ ಸಿಕ್ಕಿತು. ಅದರ ಕೆಳಗೆ ಕೆಮ್ಮಣ್ಣು ಬಂದಾಗ ಅಜ್ಜ ಬಗ್ಗಿ ಒಂದು ಹಿಡಿ ಎತ್ತಿಕೊಂಡು "ಇದು ನಮ್ ಹೊಲದ್ದೇಯ" ಅಂದರು. ಮೂರು ವಾರ ಬಿಸಿಲು, ಮಳೆಗೆ ಗುಂಡಿ ಬಿಟ್ಟೆವು. ಮಳೆ ನೀರು ಅರ್ಧ ದಿನದಲ್ಲಿ ಇಂಗಿತು, ಅಂದರೆ ಬೇರು ಕೊಳೆಯುವ ಭಯವಿಲ್ಲ. ಕೆಮ್ಮಣ್ಣಿಗೆ ಅಜ್ಜನ ತಿಪ್ಪೆಯ ಹಳೇ ಗೊಬ್ಬರ ಎರಡು ಬಾಣಲಿ ಸೇರಿಸಿ ತುಂಬಿ, ಮಣ್ಣು ಕುಸಿದು ಕೂರಲು ಬಿಟ್ಟೆವು.

ಜೂನ್ 29, ಭಾನುವಾರ, ಆರಿದ್ರಾ. ಬೆಳಿಗ್ಗೆಯಿಂದ ಮೋಡ. ಮೊಣಕೈ ಆಳ ಅಗೆದು ನೋಡಿದೆ, ಉಂಡೆ ಕಟ್ಟಿತು. ಸಂಜೆ ನಾಲ್ಕೂವರೆಗೆ ನೆಟ್ಟೆವು. ಕವರನ್ನು ಬ್ಲೇಡಿನಿಂದ ಸೀಳಿ ತೆಗೆದೆ, ಮಣ್ಣಿನ ಗಡ್ಡೆ ಒಡೆಯಲಿಲ್ಲ. ಕೆಳಗೆ ಸುತ್ತಿಕೊಂಡಿದ್ದ ಎರಡು ಬೇರನ್ನು ಬಿಡಿಸಿ ನೆಟ್ಟಗೆ ಮಾಡಿದೆ. ಗಾಳಿ ಬರುವ ಪಶ್ಚಿಮದ ಕಡೆಗೆ ಒಂದು ಕೋಲು, ಸಡಿಲವಾಗಿ ಅಮ್ಮನ ಹಳೇ ಸೀರೆಯ ಅಂಚು. ಈ ಸಲ ಅಮ್ಮ ಅರಿಶಿನ ಕುಂಕುಮ ತರಲಿಲ್ಲ. "ಬದುಕಲಿ, ಆಮೇಲೆ ಇಡ್ತೀನಿ" ಅಂದರು.

ಗೇಟಿನ ಪಕ್ಕದ ಮೂಲೆ ಖಾಲಿ ಬಿಡಲಿಲ್ಲ. ಮೂವತ್ತಡಿ ಮುಂಭಾಗಕ್ಕೆ ಮರಕ್ಕಿಂತ ಪೊದೆಯೇ ಸರಿ. ಅಜ್ಜನ ಹೊಲದ ಬದುವಿನಿಂದ ಲಕ್ಕಿ ಮತ್ತು ಆಡುಸೋಗೆಯ ಕಡ್ಡಿ ತಂದು ನೆಟ್ಟೆ. ಮಳೆಗಾಲದಲ್ಲಿ ಎರಡೂ ಕಡ್ಡಿಯಲ್ಲೇ ಚಿಗುರುತ್ತವೆ, ನರ್ಸರಿಗೆ ಹೋಗುವ ಕೆಲಸವಿಲ್ಲ. ತಂಗಡಿ ಬೀಜ ಹಾಕಿದ್ದೆ, ಈಗ ಮೊಣಕಾಲೆತ್ತರ. ಹಳದಿ ಹೂವಿಗೆ ಚಿಟ್ಟೆ ಬರುತ್ತೆ ಅಂತ ಕಾಯುತ್ತಿದ್ದೇನೆ. ಬೇಲಿಗೆ ಬಂದರಿಕೆ ಚೆನ್ನ, ಮೇಕೆ ಮುಟ್ಟುವುದಿಲ್ಲ. ಫ್ಲ್ಯಾಟಿನಲ್ಲಿರುವವರು ಇಂಥವನ್ನು ಅಪಾರ್ಟ್‌ಮೆಂಟಿನ ಕಾಂಪೌಂಡ್ ಬದಿಗೆ ಹಾಕಿಸಬಹುದು. ಗಾರ್ಡನ್ ನೋಡಿಕೊಳ್ಳುವವರು ಮೊದಲು "ಇದು ಕಾಡು ಗಿಡ ಮೇಡಂ" ಅಂತಾರೆ. ಹೌದು ಅನ್ನಿ.

ಅಂದಹಾಗೆ, 2025ರ ಕಂಪನಿ ಕಾರ್ಯಕ್ರಮಕ್ಕೆ ಒಬ್ಬರು ಹೆಸರಘಟ್ಟದ "ಖಾಲಿ ಜಾಗ" ಸೂಚಿಸಿದ್ದರು. ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹತ್ತಿರವೇ. 1894ರಲ್ಲಿ ಅರ್ಕಾವತಿಗೆ ಅಡ್ಡ ಕಟ್ಟಿ, ನಮ್ಮ ಪಕ್ಕದ ಸೋಲದೇವನಹಳ್ಳಿಯ ಪಂಪ್‌ಹೌಸ್ ಮೂಲಕ ಬೆಂಗಳೂರಿಗೆ ಮೊದಲ ಕೊಳಾಯಿ ನೀರು ಕೊಟ್ಟ ಕೆರೆ ಅಲ್ಲಿನದ್ದು. ಆದರೆ ಕೆರೆಯಾಚೆಯ ಆ ಬಯಲು ಖಾಲಿಯಲ್ಲ, ಹುಲ್ಲುಗಾವಲು. ಚಳಿಗಾಲದಲ್ಲಿ ದೂರದ ದೇಶಗಳಿಂದ ಬರುವ ಬೇಟೆ ಹಕ್ಕಿಗಳಿಗೆ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೆ ಮರವಿಲ್ಲದ ಬಯಲೇ ಬೇಕು. 2024ರ ಅಕ್ಟೋಬರಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಅಲ್ಲಿನ ಐದು ಸಾವಿರಕ್ಕೂ ಹೆಚ್ಚು ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿದೆ. ಅಲ್ಲಿ ಹೊಂಗೆ ನೆಟ್ಟರೂ ತಪ್ಪೇ, ಯಾವ ನಕ್ಷತ್ರದಲ್ಲಿ ನೆಟ್ಟರೂ ತಪ್ಪೇ. ಮೀಟಿಂಗಿನಲ್ಲಿ ಹೇಳಿದೆ. ಕಾರ್ಯಕ್ರಮ ಜುಲೈಗೆ ಹೋಯಿತು, ಜಾಗ ಒಂದು ಸರ್ಕಾರಿ ಶಾಲೆಯ ಆವರಣಕ್ಕೆ ಬದಲಾಯಿತು, 60 ಹೋಗಿ 15 ಗಿಡ ಆಯಿತು. ನಮ್ಮ ಮ್ಯಾನೇಜರಿಗೆ 15 ಅನ್ನುವ ಸಂಖ್ಯೆ ಇನ್ನೂ ಜೀರ್ಣವಾಗಿಲ್ಲ.

ನವೆಂಬರ್ 14ಕ್ಕೆ ಸಾಲುಮರದ ತಿಮ್ಮಕ್ಕ ತೀರಿಕೊಂಡರು. ಅದರ ಮುಂದಿನ ವಾರ, 23ರ ಭಾನುವಾರ, ಅಮ್ಮನನ್ನು ಕೂರಿಸಿಕೊಂಡು ಕುದೂರಿಗೆ ಹೋದೆ. ಇಷ್ಟು ಹತ್ತಿರವಿದ್ದೂ ಒಮ್ಮೆಯೂ ನೋಡಿರಲಿಲ್ಲ. ತುಮಕೂರು ರಸ್ತೆ ಹಿಡಿದು ನೆಲಮಂಗಲ, ಅಲ್ಲಿಂದ ಹಾಸನದ ಹೆದ್ದಾರಿಯಲ್ಲಿ ಸೋಲೂರು ದಾಟಿ ಕುದೂರಿನ ಕಡೆ ತಿರುಗಿದರೆ ಆಯಿತು. ಹೆದ್ದಾರಿಯ ಬಿಸಿಲಿನಿಂದ ಹುಲಿಕಲ್ ರಸ್ತೆಗೆ ಬಂದಾಗ ಒಮ್ಮೆಗೇ ತಂಪು. ಎರಡೂ ಕಡೆ ಆಲ. ಬಿಳಲು ಇಳಿದು, ಕೊಂಬೆಗೆ ಕೊಂಬೆ ತಾಗಿ, ರಸ್ತೆ ಒಂದು ಉದ್ದನೆಯ ಹಜಾರದ ಹಾಗಿದೆ. ಅಮ್ಮ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡರು.

385 ಮರ ಅಂತ ಲೆಕ್ಕ. ಫೋಟೊದಲ್ಲಿ ನೋಡಿದರೆ ಒಟ್ಟಿಗೇ ನೆಟ್ಟ ಹಾಗೆ ಕಾಣುತ್ತದೆ. ಹಾಗಲ್ಲ. ತಿಮ್ಮಕ್ಕ, ಅವರ ಯಜಮಾನರು ಚಿಕ್ಕಯ್ಯ ಊರಿನ ಆಲದ ಮರಗಳಿಂದಲೇ ಸಸಿ ಮಾಡಿಕೊಂಡು ಮೊದಲ ವರ್ಷ ನೆಟ್ಟದ್ದು 10. ಮರುವರ್ಷ 15. ಮೂರನೇ ವರ್ಷ 20. ಮಳೆಗಾಲದಲ್ಲೇ ನೆಡುತ್ತಿದ್ದರು, ಮೊದಲ ನೀರು ಆಕಾಶದ್ದಿರಲಿ ಅಂತ. ಆಮೇಲಿನ ಬೇಸಿಗೆಗೆ ಕೊಡಗಳಲ್ಲಿ ನೀರು ಹೊತ್ತು ಈ ನಾಲ್ಕು ಕಿಲೋಮೀಟರ್ ನಡೆಯುತ್ತಿದ್ದರು. ದನ ತಿನ್ನದ ಹಾಗೆ ಮುಳ್ಳು ಸುತ್ತುತ್ತಿದ್ದರು. ಕೂಲಿ ಮಾಡುತ್ತಿದ್ದ ಇಬ್ಬರಿಗೆ ಮುಂದಿನ ಬೇಸಿಗೆಯಲ್ಲಿ ಎಷ್ಟು ಗಿಡಕ್ಕೆ ನೀರು ಹೊರಬಲ್ಲೆವು ಅನ್ನುವ ಲೆಕ್ಕ ಗೊತ್ತಿತ್ತು. ನಾವು 40 ನಿಮಿಷಕ್ಕೆ 60 ನೆಟ್ಟವರು.

ಅಮ್ಮ ಒಂದು ಮರದ ಬುಡದಲ್ಲಿ ಕೂತು ಡಬ್ಬಿ ಬಿಚ್ಚಿದರು. ಚಿತ್ರಾನ್ನ ತಿನ್ನುತ್ತಾ, "ಇವರಿಗೂ ಮೊದಲ ವರ್ಷ ಒಂದೆರಡು ಹೋಗಿರುತ್ತೆ, ಅಲ್ವಾ?" ಅಂದರು. ಹೋಗಿರುತ್ತೆ ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ಅಪ್ಪಂಗೆ ಈ ರಸ್ತೆ ತೋರಿಸಬೇಕಿತ್ತು" ಅಂದರು. ಜನವರಿ ಗಿಡದ ಬಗ್ಗೆ ನಾವಿಬ್ಬರೂ ಮಾತಾಡಿದ್ದು ಅದಾದ ಮೇಲೆಯೇ, ವಾಪಸ್ ಬರುವ ದಾರಿಯಲ್ಲಿ, ಗಾಳಿಗೆ ಅರ್ಧ ಕೇಳಿಸದ ಹಾಗೆ.

ಈಗ ಡಿಸೆಂಬರ್. ಪಾರ್ಕಿನ ನೇರಳೆ ನನ್ನ ಸೊಂಟದ ಹತ್ತಿರ ಬಂದಿದೆ. ಅಕ್ಟೋಬರ್ ಮಳೆಗೆ ಎರಡು ಸಲ ಚಿಗುರಿತು, ಎಳೆ ಎಲೆ ತಾಮ್ರದ ಬಣ್ಣ. ಇನ್ನೂ ಒಂದು ಬೇಸಿಗೆಯನ್ನೂ ನೋಡಿಲ್ಲ, ಹಾಗಾಗಿ ಗೆದ್ದೆವು ಅನ್ನುವ ಹಾಗಿಲ್ಲ. ಮಳೆಗಾಲದಲ್ಲಿ ಬುಡಕ್ಕೆ ಏರಿಸಿದ್ದ ಮಣ್ಣನ್ನು ಈಗ ಸರಿಸಿ ಅಗಲವಾದ ಪಾತಿ ಮಾಡಿದ್ದೇನೆ. ಫೆಬ್ರುವರಿಯಿಂದ ದಿನಾ ಒಂದು ಚೊಂಬಲ್ಲ, ವಾರಕ್ಕೊಮ್ಮೆ ಎರಡು ಬಕೆಟ್, ಸಂಜೆ ಹೊತ್ತು, ನಿಧಾನಕ್ಕೆ. ಮೇಲೆ ಮೇಲೆ ಹಾಕಿದ ನೀರಿಗೆ ಬೇರು ಮೇಲೇ ಉಳಿಯುತ್ತದೆ. ಭಾನುವಾರದ್ದು ನನ್ನ ಪಾಳಿ, ನಾನು ಊರಲ್ಲಿಲ್ಲದಿದ್ದರೆ ಅಮ್ಮನದ್ದು. ಕ್ಯಾಲೆಂಡರಿನಲ್ಲಿ ಮೇ ಕೊನೆಯವರೆಗೆ ರಿಮೈಂಡರ್ ಹಾಕಿಟ್ಟಿದ್ದೇನೆ.

ಪಾತಿಗೆ ಹೊದಿಸಲು ಅಜ್ಜನ ಹತ್ತಿರ ಎರಡು ಹೊರೆ ರಾಗಿ ಹುಲ್ಲು ಕೇಳಿದ್ದೆ. "ಒಂದು ತಗೊಂಡೋಗವ್ವ, ಇನ್ನೊಂದು ಹಸೀಗೆ ಬೇಕು" ಅಂದಿದ್ದಾರೆ.